ನಗರದ ಉದ್ಯಾನವೂ ಮಳೆಯ ನೀರೂ

ಗದ್ದೆಯ ಬದು ಒಡೆದರೆ ನೀರು ಎತ್ತ ಹರಿಯುವುದೆಂಬುದನ್ನು ಬೇಸಾಯಗಾರ ದಂಪತಿಗಳಾದ ನಿಮಗೆ ಹೇಳಿಕೊಡಬೇಕಾಗಿಲ್ಲ. ಮಣ್ಣು ಮಳೆಯನ್ನು ಕುಡಿಯುತ್ತದೆ. ಮಿಕ್ಕದ್ದು ಹಳ್ಳ ಸೇರುತ್ತದೆ. ನಗರದಲ್ಲಿ ಆ ಮಣ್ಣಿನ ಬಾಯಿಯನ್ನೇ ಡಾಂಬರು, ಸಿಮೆಂಟುಗಳಿಂದ ಮುಚ್ಚಲಾಗಿದೆ. 1 ಎಕರೆ ತಾರಸಿ, ರಸ್ತೆಗಳ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರಾಗುತ್ತದೆ. ಅದು ಇಂಗಲು ಎಡೆಯಿಲ್ಲದೆ ಒಮ್ಮೆಲೇ ಚರಂಡಿಗೆ ನುಗ್ಗಿ, ಹೊಲಸಿನೊಡನೆ ಬೆರೆತು ತಗ್ಗಿನ ಮನೆಗಳನ್ನು ಹೊಗುತ್ತದೆ. ಆ ಮನೆಗಳಲ್ಲಿ ಕೂಲಿಗೆಂದು ಹಳ್ಳಿಯಿಂದ ಹೋದ ನಿಮ್ಮ ಬಂಧುಗಳೇ ಇರಬಹುದು. ಕುಡಿಯುವ ನೀರು ಕೆಟ್ಟು ವಾಂತಿಭೇದಿ ಹರಡಿದರೆ ಮೊದಲು ಸೊರಗುವವು ಹಸುಳೆಗಳು.

ಈ ನೀರಿಗೆ ಉದ್ಯಾನದಲ್ಲಿಯೇ ತಂಗಲು ಸ್ಥಳ ಕೊಡಬಹುದೆಂಬುದನ್ನು ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕ್ ತೋರಿಸಿದೆ. ತಗ್ಗು ನೆಲದ ಈ ನಗರದ ನಡುವೆ ಚುಲಾಲೊಂಗ್‌ಕಾರ್ನ್ ವಿಶ್ವವಿದ್ಯಾನಿಲಯದ 11 ಎಕರೆ ಜಾಗದಲ್ಲಿ 2017ರಲ್ಲಿ ಒಂದು ಉದ್ಯಾನವು ತೆರೆಯಿತು. ಇದರ ವಿನ್ಯಾಸ ಕೊಚ್ಚಾಕಾರ್ನ್ ವೋರಾಖೋಮ್ ಎಂಬ ಮಹಿಳೆಯದು. ಇಡೀ ಉದ್ಯಾನವನ್ನು 3 ಡಿಗ್ರಿಯಷ್ಟು, ಎಂದರೆ ಸುಮಾರು 20 ಅಡಿಗೆ 1 ಅಡಿಯಂತೆ, ಓರೆಯಾಗಿಸಿದ್ದಾರೆ. ಎತ್ತರದ ತುದಿಯಲ್ಲಿ ಹುಲ್ಲು ಬೆಳೆಸಿದ ಮಾಳಿಗೆಯ ಕಟ್ಟಡವಿದೆ. ಅಲ್ಲಿಂದ ಇಳಿಯುವ ನೀರು ಜೊಂಡಿನಂತಹ ಸಸ್ಯಗಳ ನಡುವೆ ಸೋಸಿಕೊಳ್ಳುತ್ತ ಕೆಳಗಿನ ಕೊಳವನ್ನು ಸೇರುತ್ತದೆ. ಮಳೆ ಹೆಚ್ಚಿದಾಗ ಕೊಳವು ಪಕ್ಕದ ಹುಲ್ಲುಹಾಸಿನ ಮೇಲೂ ಹರಡಿಕೊಂಡು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೀಗೆ ಉದ್ಯಾನವು ಸುಮಾರು 38 ಲಕ್ಷ ಲೀಟರ್ ನೀರನ್ನು ಹಿಡಿದಿಡಬಲ್ಲುದು. ಮಂಗವು ಬಾಳೆಹಣ್ಣನ್ನು ಕೆನ್ನೆಯಲ್ಲಿ ತುಂಬಿಕೊಂಡು ಬಳಿಕ ನಿಧಾನವಾಗಿ ತಿನ್ನುವಂತೆ ಪ್ರವಾಹವನ್ನೂ ಹಿಡಿದಿಟ್ಟು ಬಿಡಬೇಕೆಂದು ಆ ದೇಶದ ದೊರೆ ಭೂಮಿಬೋಲ್ 1995ರಲ್ಲಿ ಸೂಚಿಸಿದ್ದರು. ಹೋಲಿಕೆ ತಮಾಷೆಯಾಗಿ ತೋರಿದರೂ ವಿಚಾರ ಗಟ್ಟಿಯಾದುದು.

ನೀರು ನಿಲ್ಲಿಸಿದರೆ ಸೊಳ್ಳೆಗಳಾಗವೇ ಎಂದು ನೀವು ಕೇಳುವಿರಿ. ಕೇಳಲೇಬೇಕಾದ ಪ್ರಶ್ನೆಯಿದು. 1958ರಲ್ಲಿ ರಕ್ತಸ್ರಾವದ ಡೆಂಗ್ಯೂ ಜ್ವರವು ಮಕ್ಕಳನ್ನು ಬಲಿ ತೆಗೆದುಕೊಂಡುದು ಇದೇ ಬ್ಯಾಂಕಾಕಿನಲ್ಲಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರಕ್ಕಿಂತ ತುಸು ಹೆಚ್ಚು ಕಾಲ ಸಾಕು. ಆದುದರಿಂದ ಮಳೆ ಇಂಗಿಸುವ ತಗ್ಗುಗಳು ಎರಡು ದಿನಗಳೊಳಗೆ ಬರಿದಾಗಬೇಕು. ಸದಾ ನೀರಿರುವ ಕೊಳದಲ್ಲಿ ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನುಗಳಿರಬೇಕು, ನೀರು ಅಲುಗಾಡುತ್ತಿರಬೇಕು. ಬ್ಯಾಂಕಾಕಿನ ಕೊಳದ ಬಳಿ ಸೈಕಲ್ಲಿನಂತೆ ತುಳಿಯುವ ಸಾಧನಗಳಿವೆ. ಜನರು ವ್ಯಾಯಾಮಕ್ಕೆಂದು ತುಳಿದರೆ ನೀರಿಗೆ ಗಾಳಿ ಬೆರೆಯುತ್ತದೆ. ಹೂಳೆತ್ತದೆ ಬಿಟ್ಟ ತಗ್ಗು ಮಾತ್ರ ಉದ್ಯಾನದಲ್ಲಿದ್ದರೂ ರೋಗದ ಮನೆಯೇ ಸರಿ. ಡೆಂಗ್ಯೂ ಸೊಳ್ಳೆಯು ಹೆಚ್ಚಾಗಿ ಮನೆಯ ತೊಟ್ಟಿ, ಪೀಪಾಯಿಗಳ ತಿಳಿನೀರನ್ನೇ ಆರಿಸಿಕೊಳ್ಳುವುದರಿಂದ ಅವುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ತೊಳೆದು, ಮುಚ್ಚಿಡುವ ಕೆಲಸವನ್ನು ಯಾವ ಉದ್ಯಾನವೂ ಮಾಡಿಕೊಡಲಾರದು.

ಬಚ್ಚಲ ನೀರಿಗೆ ಬಾಳೆ, ಕೆಸುವು ನೆಡುವ ನಮ್ಮ ಹಳ್ಳಿಗಳ ರೂಢಿಯೂ ಇದೇ ಜಾತಿಯದು. ಗಂಡಹೆಂಡಿರು ಒಂದು ಬೆಳಗ್ಗೆ ಕೂಡಿ ಅದನ್ನು ಪರೀಕ್ಷಿಸಿರಿ. ಮೂರನೆಯ ದಿನವೂ ಇಂಗುಗುಂಡಿಯಲ್ಲಿ ನೀರು ನಿಂತಿದ್ದರೆ ಕಲ್ಲುಗಳನ್ನು ಹೊರತೆಗೆದು, ತಳದ ಕೆಸರನ್ನು ಎತ್ತಿಹಾಕಿ, ತೊಳೆದ ಕಲ್ಲುಗಳನ್ನು ಮತ್ತೆ ತುಂಬಿರಿ. ಗುಂಡಿಯು ಕುಡಿಯುವ ನೀರಿನ ಬಾವಿಯಿಂದ 50 ಅಡಿಗಳಾದರೂ ದೂರವಿರಲಿ.