ಸ್ಯಾಕ್ಸೋಫೋನಿನ ಊರಿನ ಮಕ್ಕಳಿಗೆ: ಬ್ಲೂಸ್, ಸೋಲ್ ಕೇಳುವವರಿಗೆ ಕೆಲವು ಕಿವಿಮಾತು

ಕಾಲೇಜಿಗೆ ಹೋಗುವ ಮಕ್ಕಳು ಈಗೀಗ ಬ್ಲೂಸ್, ಸೋಲ್ ಎಂದೆಲ್ಲ ವಿಚಾರಿಸುತ್ತಾರೆ. ಯಾವ ಆಲ್ಬಂ ಒಳ್ಳೆಯದು, ಎಲ್ಲಿಂದ ಶುರು ಮಾಡುವುದು ಎಂದು ಕೇಳುತ್ತಾರೆ. ಬೇರೆ ಊರಿನವರಿಗೆ ಇದು ಕಷ್ಟದ ಪ್ರಶ್ನೆ ಇರಬಹುದು, ಪಾಣೆಮಂಗಳೂರಿನವರಿಗೆ ಅಲ್ಲ. ಸ್ಯಾಕ್ಸೋಫೋನ್ ವಿದ್ವಾನ್ ಕದ್ರಿ ಗೋಪಾಲನಾಥ್ 1949ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಸಜಿಪಮೂಡದಲ್ಲಿ. ಅವರ ನಂತರ ನಮ್ಮ ಮದುವೆ, ಜಾತ್ರೆ, ನೇಮ ಎಲ್ಲದಕ್ಕೂ ಸ್ಯಾಕ್ಸೋಫೋನ್ ಬಂತು. ಬ್ಲೂಸ್, ಸೋಲ್ ಎಂಬ ಅಮೆರಿಕದ ಕರಿಯರ ಸಂಗೀತದಲ್ಲಿ ದೊಡ್ಡ ಜಾಗ ಪಡೆದ ವಾದ್ಯ ನಿಮಗೆ ಚಪ್ಪರದಡಿಯಲ್ಲೇ ಪರಿಚಯವಾಗಿದೆ. ಹಾಗಾಗಿ ಹೆದರುವುದು ಬೇಡ.

• ಮೊದಲು ಗೋಪಾಲನಾಥರನ್ನೇ ಕೇಳಿ. ಮದುವೆ ಮನೆಯ ಗದ್ದಲದಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಒಂದು ರಾಗದ ಆಲಾಪನೆಯನ್ನು ಪೂರ್ತಿ, ಸುಮ್ಮನೆ ಕುಳಿತು ಕೇಳಿ. ತಂದೆ ತನಿಯಪ್ಪ ನಾಗಸ್ವರದವರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತರು. ವಾದ್ಯ ಕೈಗೆ ಹತ್ತಲು ಸುಮಾರು 20 ವರ್ಷ ಹಿಡಿಯಿತು. ಕಾರಣ ಉಂಟು. ನಾಗಸ್ವರದಲ್ಲಿ ತೂತನ್ನು ಬೆರಳಿನಿಂದ ಅರ್ಧ, ಕಾಲು ತೆರೆದು ಗಮಕ ತೆಗೆಯಬಹುದು. ಸ್ಯಾಕ್ಸೋಫೋನಿನ ಕೀಲಿ ಹಾಗಲ್ಲ, ತೂತು ಮುಚ್ಚುತ್ತದೆ ಇಲ್ಲವೇ ತೆರೆಯುತ್ತದೆ. ನಡುವಿನ ಜಾರು, ನಡುಕ ಎಲ್ಲ ಹೆಚ್ಚಾಗಿ ತುಟಿ ಮತ್ತು ಉಸಿರಿನಿಂದಲೇ ಬರಬೇಕು.

• ಅದೇ ರಾತ್ರಿ ಬಿ.ಬಿ. ಕಿಂಗ್ ಅವರ ‘ಲೈವ್ ಎಟ್ ದ ರೀಗಲ್’ ಹಾಕಿ. 1964ರ ನವೆಂಬರಿನಲ್ಲಿ ಶಿಕಾಗೋದ ಒಂದು ಥಿಯೇಟರಿನಲ್ಲಿ ಮುದ್ರಣವಾದ ಕಚೇರಿ ಅದು. ಮಿಸಿಸಿಪ್ಪಿಯಲ್ಲಿ ಹುಟ್ಟಿದ ಈ ಮನುಷ್ಯ ಹಾಡುವಾಗ ಗಿಟಾರ್ ನುಡಿಸುವುದಿಲ್ಲ. ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ, ಗಿಟಾರ್ ಉತ್ತರ ಕೊಡುತ್ತದೆ. ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರವನ್ನು ಮೇಲಕ್ಕೆ ಜಾರಿಸುವುದನ್ನು ಗಮನಿಸಿ. ಇಬ್ಬರ ಸಂಗೀತ ಬೇರೆ ಬೇರೆ, ಆದರೆ ಸ್ವರವನ್ನು ನೆಟ್ಟಗೆ ನಿಲ್ಲಲು ಬಿಡದ ಹಠ ಗೋಪಾಲನಾಥರಿಗೂ ಕಿಂಗ್ ಅವರಿಗೂ ಒಂದೇ. ಜನರ ಕೂಗಾಟವನ್ನೂ ಕೇಳಿ, ಅದೂ ಆ ಆಲ್ಬಮ್ಮಿನ ಭಾಗವೇ. ಒಂದೇ ಒಂದು ಬ್ಲೂಸ್ ಆಲ್ಬಂ ಹೇಳಿ ಎಂದರೆ ನಾನು ಇದನ್ನೇ ಹೇಳುವುದು.

• ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿಗೆ ಒಂದು ಸುಳುಹು. ಬ್ಲೂಸ್ ಗಿಟಾರಿನವರು ಹೆಚ್ಚಾಗಿ ಓಡಾಡುವ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿ ರಾಗದವೇ. ಆದರೆ ಅವರ ಗಾಂಧಾರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ತೂಗಾಡುತ್ತದೆ, ಅದರಲ್ಲೇ ರುಚಿ. ತಾಳವೂ ಕಷ್ಟವಿಲ್ಲ. ಮಾಮೂಲಿ ಬ್ಲೂಸ್ ಚರಣವೊಂದು ನಾಲ್ಕು ನಾಲ್ಕು ಎಣಿಕೆಯ 12 ಭಾಗ, ಒಟ್ಟು 48 ಎಣಿಕೆ. ಆದಿತಾಳದ ಆರು ಆವರ್ತನ ಹಾಕಿ ನೋಡಿ, ಸರಿಯಾಗಿ ಕೂರುತ್ತದೆ. ಎರಡು ಆವರ್ತನಕ್ಕೆ ಒಂದು ಸಾಲು, ಅದೇ ಸಾಲು ಇನ್ನೊಮ್ಮೆ, ಕೊನೆಯ ಎರಡಕ್ಕೆ ಉತ್ತರದ ಸಾಲು. ಕೈಯಲ್ಲಿ ತಾಳ ಹಾಕುತ್ತಾ ನಾಲ್ಕು ಹಾಡು ಕೇಳಿದರೆ ಮತ್ತೆ ಯಾರೂ ಪಾಠ ಹೇಳಬೇಕಾಗಿಲ್ಲ.

• ರಾಬರ್ಟ್ ಜಾನ್ಸನ್‌ನಿಂದ ಶುರು ಮಾಡಬೇಡಿ. ದೊಡ್ಡ ಹೆಸರು, ನಿಜ. 1936 ಮತ್ತು 37ರಲ್ಲಿ 29 ಹಾಡು ಮುದ್ರಿಸಿ 27ನೇ ವಯಸ್ಸಿಗೆ ತೀರಿಕೊಂಡವ. ಆದರೆ ಆ ಕಾಲದ ಮುದ್ರಣದ ಕರಕರ ಶಬ್ದಕ್ಕೆ ಹೊಸಬರು ಎದ್ದು ಹೋಗುತ್ತಾರೆ. ಮೊದಲು ಮಡ್ಡಿ ವಾಟರ್ಸ್ ಅವರ ‘ಎಟ್ ನ್ಯೂಪೋರ್ಟ್ 1960’ ಕೇಳಿ, ಹಾರ್ಮೋನಿಕಾ, ಪಿಯಾನೋ ಎಲ್ಲ ಸೇರಿದ ಭರ್ಜರಿ ಮೇಳ. ಜಾನ್ಸನ್ ಆರು ತಿಂಗಳ ನಂತರವೂ ಅಲ್ಲೇ ಇರುತ್ತಾನೆ.

• ಬ್ಲೂಸ್ ಅಂದರೆ ಅಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅರ್ಧಕ್ಕರ್ಧ ಹಾಡು ಕುಚೋದ್ಯದ್ದು.

• ಇನ್ನು ಸೋಲ್. ಚರ್ಚಿನ ಹಾಡುಗಾರಿಕೆ ಬೀದಿಗೆ ಬಂದು ಬ್ಲೂಸಿನ ಜೊತೆ ಕೂಡಿಕೊಂಡಾಗ ಹುಟ್ಟಿದ್ದು. ಓಟಿಸ್ ರೆಡ್ಡಿಂಗ್ ಅವರ ‘ಓಟಿಸ್ ಬ್ಲೂ’ 1965ರ ಜುಲೈಯಲ್ಲಿ ಮೆಂಫಿಸಿನಲ್ಲಿ ಹೆಚ್ಚುಕಡಿಮೆ ಒಂದು ದಿನದೊಳಗೆ ಮುದ್ರಣವಾಯಿತು. ಅದರಲ್ಲಿ ‘ರೆಸ್ಪೆಕ್ಟ್’ ಎಂಬ ಹಾಡು ಉಂಟು, ಮನೆಗೆ ಬಂದ ಗಂಡಸು ಹೆಂಗಸಿನ ಹತ್ತಿರ ಮರ್ಯಾದೆ ಕೇಳುವುದು. ಎರಡು ವರ್ಷದ ನಂತರ ಅರೀಥಾ ಫ್ರಾಂಕ್ಲಿನ್ ಅದೇ ಹಾಡನ್ನು ‘ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯೂ’ ಆಲ್ಬಮ್ಮಿನಲ್ಲಿ ಹಾಡಿದರು. ಈಗ ಕೇಳುವವಳು ಹೆಂಗಸು, ಹಾಡಿನ ಅರ್ಥವೇ ತಿರುಗಿ ನಿಂತಿತು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಇವತ್ತು ಲೋಕಕ್ಕೆ ಗೊತ್ತಿರುವುದು ಅರೀಥಾ ಅವರದ್ದು, ನ್ಯಾಯವಾಗಿಯೇ. ರೆಡ್ಡಿಂಗ್ 1967ರ ಡಿಸೆಂಬರಿನಲ್ಲಿ ವಿಮಾನ ಬಿದ್ದು ತೀರಿಕೊಂಡರು, ಆಗ ಬರೇ 26.

• ಊರಿನಲ್ಲಿ ಸ್ಯಾಕ್ಸೋಫೋನ್ ಕಲಿಯುತ್ತಿರುವ ಹುಡುಗರು ಬಹಳ ಮಂದಿ ಇದ್ದಾರೆ. ಅವರು ಕಿಂಗ್ ಕರ್ಟಿಸ್ ಅವರನ್ನು ಕೇಳಲೇಬೇಕು. 1971ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುದ್ರಿಸಿದ ‘ಲೈವ್ ಎಟ್ ಫಿಲ್ಮೋರ್ ವೆಸ್ಟ್’ನ ಮೊದಲ ಹಾಡಿನಲ್ಲಿ ಅವರು ವಾದ್ಯಗಳನ್ನು ಒಂದೊಂದಾಗಿ ಹೆಸರು ಹೇಳಿ ಕರೆಯುತ್ತಾರೆ, ಬೇಸ್, ಡ್ರಮ್, ಗಿಟಾರ್ ಸಾಲಾಗಿ ಬಂದು ಸೇರುತ್ತವೆ. ಯಾವ ವಾದ್ಯ ಏನು ಕೆಲಸ ಮಾಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅದೇ ರಾತ್ರಿಗಳಲ್ಲಿ ಅದೇ ಮೇಳದ ಜೊತೆ ಅರೀಥಾ ಹಾಡಿದ್ದು ಇನ್ನೊಂದು ಆಲ್ಬಂ ಆಗಿದೆ. ಕರ್ಟಿಸ್ ಅವರದ್ದು ಟೆನರ್ ಸ್ಯಾಕ್ಸೋಫೋನ್, ಗೋಪಾಲನಾಥರದ್ದು ಆಲ್ಟೊ, ಹಾಗಾಗಿ ಕರ್ಟಿಸ್ ಅವರ ದನಿ ಸ್ವಲ್ಪ ದಪ್ಪ. ಸಿನಿಮಾ ಹಾಡನ್ನೇ ಊದುತ್ತಾ ಕೂತರೆ ತುಟಿ ಬೆಳೆಯುವುದಿಲ್ಲ ಮಾರಾಯ್ರೆ.

• ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’, 1971. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ತಮ್ಮ ಹೇಳಿದ ಕತೆಗಳು ಇದರ ಹಿಂದೆ ಇವೆ. ಶುರುವಿನಲ್ಲೇ ಬರುವ ಆಲ್ಟೊ ಸ್ಯಾಕ್ಸೋಫೋನ್ ಈಲೈ ಫಾಂಟೇನ್ ಅವರದ್ದು. ಹಾಡಿನಿಂದ ಹಾಡಿಗೆ ನಡುವೆ ಬಿಡುವಿಲ್ಲ, ಒಂದರ ಬಾಲ ಇನ್ನೊಂದರ ತಲೆಗೆ ಅಂಟಿದೆ. ಇದನ್ನು ತುಂಡು ಮಾಡಿ ಕೇಳುವುದು ತಪ್ಪು.

• ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ. ಸಾಧಾರಣ ಹೆಡ್‌ಫೋನ್ ಸಾಕು. ಷಫಲ್ ಆಫ್ ಮಾಡಿ. ಇಂಗ್ಲಿಷ್ ಮಾತು ಅರ್ಥವಾಗದಿದ್ದರೆ ಮೊದಲ ಸಲ ಬಿಟ್ಟುಬಿಡಿ, ತ್ಯಾಗರಾಜರ ತೆಲುಗು ಎಷ್ಟು ಮಂದಿಗೆ ಗೊತ್ತುಂಟು?

• ಭಜನೆಗೆ ಹೋಗುವ ಅಮ್ಮ, ದೊಡ್ಡಮ್ಮಂದಿರಿಗೆ ಏನಾದರೂ ಕೇಳಿಸಬೇಕೆಂದಿದ್ದರೆ ಅರೀಥಾ ಅವರ ‘ಅಮೇಜಿಂಗ್ ಗ್ರೇಸ್’. 1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲಿ, ಭಕ್ತರ ನಡುವೆ ಮುದ್ರಿಸಿದ್ದು. ಭಾಷೆ ಬೇಡ.

• ಇಷ್ಟಾದ ಮೇಲೆ ಊರಿಗೆ ವಾಪಸು ಬನ್ನಿ. 1980ರ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಗೋಪಾಲನಾಥರನ್ನು ಕೇಳಿದ ಕ್ಯಾಲಿಫೋರ್ನಿಯಾದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸುತ್ತೇನೆ ಎಂದು ವೇದಿಕೆ ಹತ್ತಿದರು. ಆ ಹ್ಯಾಂಡಿ ಅದಕ್ಕೆ ಮೊದಲೇ ಉಸ್ತಾದ್ ಅಲಿ ಅಕ್ಬರ್ ಖಾನ್ ಜೊತೆ ‘ಕರುಣಾ ಸುಪ್ರೀಮ್’ ಮಾಡಿದ್ದವರು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರೊಮೆನಾಡ್ ಕಚೇರಿ ಕೊಟ್ಟರು. ಆ ವೇದಿಕೆಗೆ ಕರೆ ಬಂದ ಮೊದಲ ಕರ್ನಾಟಕ ಸಂಗೀತಗಾರ ಅವರು. ಕೊನೆಗೆ ಕೇಳಬೇಕಾದದ್ದು 2008ರ ‘ಕಿನ್ಸ್‌ಮೆನ್’. ಕೊಲೊರಾಡೊದಲ್ಲಿ ಬೆಳೆದ, ಹೆಸರಿನಲ್ಲೇ ನಮ್ಮ ಕಡೆಯ ಗುರುತಿರುವ ರುದ್ರೇಶ್ ಮಹಾಂತಪ್ಪ ಎಂಬ ಜಾಝ್ ವಾದಕನಿಗೆ ಅವರ ಅಣ್ಣ ತಮಾಷೆಗೆಂದು ಗೋಪಾಲನಾಥರ ಒಂದು ಆಲ್ಬಂ ಕೊಟ್ಟಿದ್ದರಂತೆ. ತಮಾಷೆ ದೊಡ್ಡದಾಗಿ, ಇಬ್ಬರೂ ಎದುರುಬದುರು ಆಲ್ಟೊ ಹಿಡಿದು ನಿಂತರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ಜೊತೆಗೆ ಗಿಟಾರ್, ಡ್ರಮ್. ಮೊದಲ ಸಲಕ್ಕೆ ತಲೆ ಗಿರ್ ಎನ್ನಬಹುದು. ಮೇಲಿನ ಆಲ್ಬಂಗಳನ್ನು ಕೇಳಿದ ಕಿವಿಗೆ ಮೂರನೇ ಸಲ ದಾರಿ ಬಿಡುತ್ತದೆ.

• ಕೊನೆಯದು, ಕೇಳುವುದಲ್ಲ, ಮಾಡುವುದು. ಬ್ಲೂಸಿನ ಬೇರು ಹತ್ತಿ ಹೊಲದ ಕೂಲಿಗಳ ಹಾಡಿನಲ್ಲಿದೆ: ಒಬ್ಬ ಹೇಳುವುದು, ಉಳಿದವರು ಸೊಲ್ಲೆತ್ತುವುದು. 1941ರಲ್ಲಿ ಅಲನ್ ಲೋಮ್ಯಾಕ್ಸ್, ಜಾನ್ ವರ್ಕ್ ಎಂಬವರು ಮುದ್ರಣ ಯಂತ್ರ ಹೊತ್ತು ಮಿಸಿಸಿಪ್ಪಿಯ ಒಂದು ತೋಟಕ್ಕೆ ಹೋದರು. ಅಲ್ಲಿ ಸಿಕ್ಕಿದ ಕೂಲಿಯಾಳೇ ಮಡ್ಡಿ ವಾಟರ್ಸ್. ತನ್ನ ಧ್ವನಿಯನ್ನು ತಾನೇ ಕೇಳಿದವ ಎರಡು ವರ್ಷದಲ್ಲಿ ಶಿಕಾಗೋಗೆ ಹೊರಟ. ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆಯ ಗದ್ದೆಗಳಲ್ಲಿ ನೇಜಿ ನೆಡುವ ಹೆಂಗಸರು ಓಬೇಲೆ, ಪಾಡ್ದನ ಎಂಬ ಹಾಡು ಹೇಳುತ್ತಿದ್ದುದೂ ಹೀಗೆಯೇ. ಗದ್ದೆಗಳು ಅಡಿಕೆ ತೋಟ ಆದವು, ಉಳಿದ ಗದ್ದೆಗೆ ನಾಟಿ ಯಂತ್ರ ಬಂತು. ಹಾಡು ಗೊತ್ತಿರುವ ಅಜ್ಜಿಯಂದಿರು ಇನ್ನೂ ಕೆಲವರು ಇದ್ದಾರೆ. ನಿಮ್ಮ ಕೈಯಲ್ಲಿರುವ ಫೋನು ಲೋಮ್ಯಾಕ್ಸ್ ಹೊತ್ತ ಯಂತ್ರಕ್ಕಿಂತ ಎಷ್ಟೋ ಒಳ್ಳೆಯದು. ಅಜ್ಜಿಯಂದಿರ ಒಪ್ಪಿಗೆ ಕೇಳಿ, ಫ್ಯಾನ್ ಆಫ್ ಮಾಡಿ, ಪೂರ್ತಿ ಹಾಡಿಸಿ ಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ಊರು, ತಾರೀಕು ಬರೆದಿಡಿ. ಈ ಮಳೆಗಾಲ ಮುಗಿಯುವುದರೊಳಗೆ ಮಾಡಿ.