ಬಳ್ಳಿ ಮಾರುದ್ದ, ಬುಡ ಬೋಳು

ಪ್ರಶ್ನೆ: ವರಾಂಡದಲ್ಲಿ ತೂಗುಹಾಕಿದ ಮನಿ ಪ್ಲಾಂಟ್ ನೆಲ ಮುಟ್ಟುವಷ್ಟು ಇಳಿಬಿದ್ದಿದೆ. ಬುಡವೆಲ್ಲ ಬೋಳು, ಎಲೆ ಇರುವುದು ತುದಿಯಲ್ಲಷ್ಟೇ. ಕತ್ತರಿ ಹಾಕಿದರೆ ಇರುವುದೂ ಹೋದೀತೆಂಬ ಭಯ. ಕುಂಡ ತುಂಬಿಕೊಳ್ಳಲು ಏನು ಮಾಡಬೇಕು?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಧೈರ್ಯವಾಗಿ ಕತ್ತರಿಸಿ. ಆದರೆ ಕತ್ತರಿಸಿದ ಮಾತ್ರಕ್ಕೆ ಕುಂಡ ತುಂಬದು. ಆ ತುಂಡುಗಳಿಗೆ ಬೇರು ಬರಿಸಿ ಅದೇ ಕುಂಡದಲ್ಲಿ ನೆಡಬೇಕು.

ಬಳ್ಳಿಯ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಬುಡದ ಕಡೆ ಹರಿಯುತ್ತ, ದಾರಿಯ ಗೆಣ್ಣುಗಳಲ್ಲಿರುವ ಕಣ್ಣು ಚಿಗುರದಂತೆ ತಡೆಯುತ್ತದೆ. ತುದಿ ತೆಗೆದರೆ ಆ ತಡೆ ತಪ್ಪುತ್ತದೆ. ಆದರೂ ಒಂದು ಬಳ್ಳಿಗೆ ಸಾಮಾನ್ಯವಾಗಿ ಒಂದೆರಡು ಚಿಗುರಷ್ಟೇ ಬರುತ್ತವೆ. ತುಂಡುಗಳನ್ನು ಮರಳಿ ನೆಡಬೇಕು ಎಂದದ್ದು ಅದಕ್ಕೇ.

ಬುಡದಲ್ಲಿ ಎರಡು ಮೂರು ಗೆಣ್ಣು ಉಳಿಸಿ, ಗೆಣ್ಣಿನ ತುಸು ಮೇಲೆ ಕತ್ತರಿಸಿ. ಒಂದೇ ಸಲ ಎಲ್ಲ ಬಳ್ಳಿಗೂ ಕತ್ತರಿ ಬೇಡ. ಅರ್ಧದಷ್ಟು ಚಿಗುರಿದ ಮೇಲೆ ಉಳಿದವು. ತೆಗೆದ ಬಳ್ಳಿಯನ್ನು ಒಂದೆರಡು ಗೆಣ್ಣು, ಒಂದು ಎಲೆ ಇರುವಂತೆ ತುಂಡು ಮಾಡಿ. ಕಂಪ್ಲಿ ಕಡೆ ಕಬ್ಬು ನಾಟಿ ಮಾಡುವವರು ಕಣ್ಣು ನೋಡಿಯೇ ಬೀಜದ ತುಂಡು ಕತ್ತರಿಸುವ ಹಾಗೆ, ಇಲ್ಲೂ ಗೆಣ್ಣಿಲ್ಲದ ತುಂಡು ದಂಡ. ಗೆಣ್ಣಿನ ಬಳಿ ಕಂದು ಬಣ್ಣದ ಚಿಕ್ಕ ಗುಬುಟು ಕಾಣುತ್ತದಲ್ಲ, ಬೇರು ಒಡೆಯುವುದು ಅಲ್ಲಿಂದಲೇ. ಅದು ನೀರಿನಲ್ಲಿ ಮುಳುಗಿರಲಿ, ಎಲೆ ಹೊರಗಿರಲಿ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ವಾರಗಟ್ಟಲೆ ಬಿಟ್ಟರೆ ಡೆಂಗಿ ಸೊಳ್ಳೆಗೆ ತೊಟ್ಟಿಲಾದೀತು. ಬೇರು ಎರಡು ಇಂಚಾದ ಮೇಲೆ ನಾಲ್ಕೈದು ತುಂಡುಗಳನ್ನು ಕುಂಡದ ಅಂಚಿನುದ್ದಕ್ಕೂ ನೆಡಿ.

ಕತ್ತರಿಸಲು ಮನಸ್ಸೇ ಬಾರದಿದ್ದರೆ ಎಲೆತೋಟದವರ ಉಪಾಯವಿದೆ. ಅವರು ವೀಳ್ಯದ ಬಳ್ಳಿ ತೀರ ಎತ್ತರ ಹೋದಾಗ ಅದನ್ನು ಇಳಿಸಿ, ಸುರುಳಿ ಸುತ್ತಿ ಬುಡದ ಮಣ್ಣಿನಲ್ಲಿ ಹೂಳುತ್ತಾರೆ. ನೀವೂ ಬೋಳು ಬಳ್ಳಿಯನ್ನು ಕುಂಡದ ಮಣ್ಣಿನ ಮೇಲೆ ಸುತ್ತಿ, ಗೆಣ್ಣು ಮಣ್ಣಿಗೆ ತಾಗುವಂತೆ ತಂತಿಯ ಕೊಕ್ಕೆ ಚುಚ್ಚಿಡಿ.

ಕಾಲವೂ ಮುಖ್ಯ. ಪೆಸಿಫಿಕ್ ಸಾಗರದ ಮೊಒರೆಯಾ ದ್ವೀಪ ಮೂಲದ ಈ ಬಳ್ಳಿಗೆ ತೇವದ ಗಾಳಿ ಇಷ್ಟ. 40 ಡಿಗ್ರಿ ಮುಟ್ಟುವ ಹೊಸಪೇಟೆಯ ಬೇಸಿಗೆಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ಮುಂಗಾರು ಹಿಡಿಯಲಿ. ಕುಂಡವನ್ನು ನೇರ ಬಿಸಿಲು ಬೀಳದ, ಆದರೆ ಚೆನ್ನಾಗಿ ಬೆಳಕಿರುವ ಕಡೆ ತೂಗುಹಾಕಿ. ಕತ್ತಲ ಮೂಲೆಯಲ್ಲಿ ಗೆಣ್ಣುಗಳ ನಡುವಿನ ಅಂತರ ಹೆಚ್ಚಿ ಬಳ್ಳಿ ಮತ್ತೆ ಬೋಳಾಗುತ್ತದೆ. ಸಂಡೂರಿನಂಥ ಗಣಿ ಸೀಮೆಯಲ್ಲಿ ಎಲೆ ಮೇಲೆ ಕೆಂಧೂಳು ಕೂತರೂ ಬೆಳಕು ತಡೆದಂತೆಯೇ. ಆಗಾಗ ಒದ್ದೆ ಬಟ್ಟೆಯಿಂದ ಒರೆಸಬೇಕು.

ಉಳಿದ ಎಲೆ, ಕಡ್ಡಿಯನ್ನು ದನದ ಮುಂದೆ ಹಾಕಬೇಡಿ, ಮಕ್ಕಳ ಕೈಗೂ ಸಿಗದಿರಲಿ. ಅವುಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಬಾಯಿ, ಗಂಟಲು ಉರಿಸಿ ಊದಿಸುತ್ತವೆ. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಳ್ಳಿ.