ಸಮಿತಿಯಲ್ಲಿ ಅವರಿಗೂ ಒಂದು ಕುರ್ಚಿ

ಉಪನಗರದ ಅಕ್ಕ, ಅಣ್ಣಂದಿರೇ, ಮುಂದಿನ ಸಲ ಸರ್ಕಾರಿ ಆಸ್ಪತ್ರೆಗೆ ಹೋದಾಗ ‘ಇಲ್ಲಿಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರ್ಯಾರಿದ್ದಾರೆ?’ ಎಂದು ಒಮ್ಮೆ ಕೇಳಿ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಏರ್ಪಾಡು ಇದು. ಕುಡಿಯುವ ನೀರು, ಶೌಚಾಲಯ, ರೋಗಿಗಳ ದೂರು ಎಲ್ಲ ಚರ್ಚೆಗೆ ಬರಬೇಕಾದ ಜಾಗ.

ಈಚೆಗೆ ಔಷಧಿಯ ಸಾಲಿನಲ್ಲಿ ನನ್ನ ಮುಂದೆ ಯಾದಗಿರಿ ಕಡೆಯ, ಗಾರೆ ಕೆಲಸದ ಹೆಣ್ಣುಮಗಳೊಬ್ಬಳಿದ್ದಳು. ಸೊಂಟದಲ್ಲಿ ಕೂಸು. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದ್ರಾಗ ಏನ್ ಬರದಾರ್ರೀ ಅಕ್ಕಾ?’ ಅಂದಳು. ಈ ಪ್ರಶ್ನೆ ಸಮಿತಿಗೆ ಮುಟ್ಟಬೇಕಾದರೆ ಅಂಥವಳೊಬ್ಬಳು ಅಲ್ಲಿ ಕೂತಿರಬೇಕು.

ಗಾರ್ಮೆಂಟ್ಸ್‌ಗೆ ಹೋಗುವವರು, ಪೌರಕಾರ್ಮಿಕರು ಬರಲಿ ಎಂದರಷ್ಟೇ ಸಾಲದು. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬಂದಾರು? ಭಾನುವಾರ ಸಭೆ ಇಡಿ ಎಂದು ವೈದ್ಯಾಧಿಕಾರಿಗಳನ್ನು ಕೇಳಿ. ಬಸ್ ಚಾರ್ಜೂ ಕೊಡಲಿ. ಒಬ್ಬಳನ್ನೇ ಕೂರಿಸಬೇಡಿ, ಜೊತೆಗೊಬ್ಬಳಿದ್ದರೆ ಬಾಯಿ ಬಿಡುತ್ತಾಳೆ. ಹೆಸರು ಬೇಕಾದರೆ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿ. 2013ರ ನಗರ ಆರೋಗ್ಯ ಅಭಿಯಾನದಲ್ಲಿ 50ರಿಂದ 100 ಮನೆಗೊಂದು ಮಹಿಳಾ ಆರೋಗ್ಯ ಸಮಿತಿ ಇರಬೇಕೆಂಬ ನಿಯಮವಿದೆ. ಯಾವ ಓಣಿಯಲ್ಲಿ ಯಾರು ಮಾತಾಡಬಲ್ಲರು ಎಂಬುದು ಆ ಮಹಿಳಾ ಸಮಿತಿಯ ಹೆಂಗಸರಿಗೂ ಚೆನ್ನಾಗಿ ಗೊತ್ತು.